ಮೆಲ್ಲಗಣ್ಣನ ಹೋಗಿಬರುವ ಪ್ರವಾಸ

ಆಸ್ಪತ್ರೆಯಲ್ಲಿ ಅವರನ್ನು ಕರೆಯುತ್ತಿದ್ದದ್ದೇ ಮೆಲ್ಲಗಣ್ಣ ಎಂದು. ಸ್ಟ್ರೆಚರ್ ಹಿಡಿದವರಿಗೆ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಾ ಎನ್ನುತ್ತಾ ಅಂಟಿಕೊಂಡ ಹೆಸರು. ಗಾಡಿ ಓಡಿಸುವ ರೀತಿಗೂ ಅದು ಹೇಳಿ ಮಾಡಿಸಿದಂತಿತ್ತು. ರಸ್ತೆಯುಬ್ಬು ಬಂದರೆ ಮಗುವನ್ನು ಎತ್ತಿಕೊಂಡವರು ಮೆಟ್ಟಿಲಿಳಿದಂತೆ ಅವರ ಗಾಡಿ ಇಳಿಯುತ್ತಿತ್ತು. "ಒಳಗಿರೋರಿಗೆ ಇನ್ನು ನೋವಾಗಲ್ಲ ಬಿಡಣ್ಣ" ಎಂದು ಯಾರಾದರೂ ಹೇಳಿದರೆ, "ನಿಂಗೆ ಹೇಗೆ ಗೊತ್ತು? ಹೋಗಿ ಬಂದಿದ್ದೀಯಾ?" ಎನ್ನುತ್ತಿದ್ದರು.

ಅವರದು ಶವದ ಗಾಡಿ. ಆಸ್ಪತ್ರೆಯ ಹಿಂದಿನ ಅಂಗಳದಿಂದ ಹೊರಟು ಯಾರದೋ ಮನೆ ಮುಂದೆ ನಿಲ್ಲುವುದು, ಖಾಲಿ ವಾಪಸ್ ಬರುವುದು. ಕೂದಲು ನೆರೆಯುವ ತನಕ ಇದೇ ಕೆಲಸ. ಹೊರಡುವ ಮುಂಚೆ ಹಿಂಬಾಗಿಲ ತಗಡಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ, "ಹತ್ತಿ, ಊರಿಗೆ ಹೋಗೋಣ" ಎನ್ನುವರು. ತಲುಪಿದ ಮೇಲೆ ಮತ್ತೆ ತಟ್ಟಿ, "ಊರು ಬಂತು, ಇಳೀರಿ." ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಏರಿನಲ್ಲಿ ಗಾಡಿ ನಿಂತು ಏನು ಮಾಡಿದರೂ ಜಗ್ಗಲಿಲ್ಲವಂತೆ. ಜೊತೆಗಿದ್ದ ಹಿರಿಯ ಡ್ರೈವರು, "ಹೇಳದೆ ಕೇಳದೆ ಎತ್ತಾಕ್ಕೊಂಡು ಬಂದ್ರೆ ಯಾರಿಗಾದ್ರೂ ಸಿಟ್ಟು ಬರಲ್ವೇನಯ್ಯಾ?" ಎಂದು ಬೈದು, ಈ ಮಾತುಗಳನ್ನು ಹೇಳಿಕೊಟ್ಟನಂತೆ. ಮಗಳು ಚಿಕ್ಕವಳಿದ್ದಾಗ ಈ ಕಥೆ ಕೇಳಿ ಕೇಳಿ, ಶಾಲೆಗೆ ಹೊರಡುವಾಗ ಅಪ್ಪ ಬಾಗಿಲು ತಟ್ಟಿದರೂ ಬೆಚ್ಚಿಬೀಳುತ್ತಿದ್ದಳು.

ನಿವೃತ್ತಿಯಾದ ವರ್ಷ ಆಸ್ಪತ್ರೆಗೆ ಹೊಸ ಗಾಡಿ ಬಂತು. ಹಳೆಯದು ಗುಜರಿಗೆ ಹೋಗುವುದರಲ್ಲಿತ್ತು. ಮೆಲ್ಲಗಣ್ಣ ಅದನ್ನು ಮನೆ ಮುಂದೆ ತಂದು ನಿಲ್ಲಿಸಿದರು.

"ಅಪ್ಪಾ, ನಿಂಗೇನು ತಲೆ ಕೆಟ್ಟಿದ್ಯಾ? ಎದುರುಮನೆಯವರು ಬೆಳಗ್ಗೆ ಎದ್ದು ಇದರ ಮುಖ ನೋಡ್ಬೇಕಾ?" ಎಂದು ಮಗಳು ಕೂಗಾಡಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಊರಿನ ಅರ್ಧ ಜನರ ಕಣ್ಣು ಅವಳಿಗೆ ಪರಿಚಯ.

"ಬಣ್ಣ ಹೊಡೆಸಿದ್ರೆ ಮುಖ ಬದಲಾಗುತ್ತೆ ಕಣಮ್ಮ."

"ಯಾಕೆ ಬೇಕು ಹೇಳು ಮೊದಲು."

ಮೆಲ್ಲಗಣ್ಣ ಅಡುಗೆಮನೆಯ ಮೇಜಿನ ಮುಂದೆ ಕೂತು ಲೋಟವನ್ನು ಸುತ್ತ ತಿರುಗಿಸಿದರು. "ಜೀವಮಾನವಿಡೀ ಜನರನ್ನ ಕರ್ಕೊಂಡು ಹೋದೆ. ಒಬ್ಬರನ್ನೂ ವಾಪಸ್ ಕರ್ಕೊಂಡು ಬರ್ಲಿಲ್ಲ. ನಿಮ್ಮಮ್ಮನ್ನೂ ಅದರಲ್ಲೇ ಕರ್ಕೊಂಡು ಹೋದೆ, ಖಾಲಿ ಬಂದೆ. ಒಂದೇ ಒಂದು ಸಲ, ಹೋದವರೆಲ್ಲ ವಾಪಸ್ ಬರೋ ಅಂಥ ದೂರದ ಪ್ರಯಾಣ ಮಾಡ್ಬೇಕು. ಅಷ್ಟೇ. ಆಮೇಲೆ ಗುಜರಿಗೆ ಹಾಕು, ನನ್ನನ್ನೂ ಸೇರಿಸಿ ಹಾಕು."

ಅಳಿಯ ಎಲೆಕ್ಟ್ರಿಷಿಯನ್, ಕೈಗೆ ಕೆಲಸ ಸಿಕ್ಕರೆ ಹಸಿವೆ ಮರೆಯುವವನು. ಅವನು ಆಗಲೇ ಟೇಪು ಹಿಡಿದು ಹೊರಗೆ ಗಾಡಿಯ ಉದ್ದ ಅಳೆಯುತ್ತಿದ್ದ.

ಟ್ರಾವೆಲ್ಸ್‌ನವರ ಹಂಗು ಬೇಡವೆಂದು ಎಲ್ಲವನ್ನೂ ತಾವೇ ಮಾಡಿಕೊಂಡರು. ಊಟದ ಮೇಜಿನ ಮೇಲೆ ನಕಾಶೆ ಹರಡಿಕೊಂಡಿತು. ಮೂರು ದೇಶ ದಾಟಿ ನಾಲ್ಕನೆಯದರ ಸಮುದ್ರ ತೀರ ಮುಟ್ಟಿ ಬರುವುದೆಂದಾಯಿತು. ವೀಸಾ, ಗಾಡಿಯ ಕಾಗದ, ವಿಮೆ, ಮೊಮ್ಮಗಳು ಪುಟ್ಟಿಯ ಜ್ವರದ ಔಷಧಿ ಎಲ್ಲವೂ ಮಗಳ ಪಾಲಿಗೆ. ಗಾಡಿ ಯಾವ ಗಡಿಯಲ್ಲಿ ಒಳಗೆ ಹೋಗುತ್ತದೋ ಅದೇ ಗಡಿಯಲ್ಲಿ ಹೊರಗೆ ಬರಬೇಕೆಂಬ ನಿಯಮವಿದ್ದುದರಿಂದ, ಹೋದ ದಾರಿಯಲ್ಲೇ ವಾಪಸ್. ಅಳಿಯ ಒಳಗೆ ಮಡಚುವ ಮಂಚ ಕೂರಿಸಿ ದೀಪ ಎಳೆದ. ಸ್ಟ್ರೆಚರ್ ಜಾರಿಸುವ ಉಕ್ಕಿನ ಹಳಿಗಳನ್ನು ಕೀಳಲು ಮನಸ್ಸಾಗದೆ ಅವುಗಳ ಮೇಲೆ ಅಡುಗೆಯ ಪೆಟ್ಟಿಗೆ ಕಟ್ಟಿದ. ಹಿಂಬಾಗಿಲು ತೆಗೆದು ಎಳೆದರೆ ಗ್ಯಾಸ್ ಒಲೆ, ಪಾತ್ರೆ, ಉಪ್ಪು ಖಾರದ ಡಬ್ಬಿಗಳೆಲ್ಲ ಒಂದೇ ಒಂದು ಸದ್ದಿಲ್ಲದೆ ಹೊರಗೆ ಬರುತ್ತಿದ್ದವು. ಮಗಳು ಮೊದಲ ಸಲ ಎಳೆದಾಗ ಅವಳ ಕೈ ಹಿಡಿಕೆಯ ಮೇಲೇ ನಿಂತುಬಿಟ್ಟಿತು. ಆಮೇಲೆ ಅಭ್ಯಾಸವಾಯಿತು. ಮೊಟ್ಟೆಯ ಹಳದಿಯಂಥ ಬಣ್ಣ ಹೊಡೆಸಿದ ಮೇಲೆ ಗಾಡಿ ಮಕ್ಕಳ ಆಟಿಕೆಯಂತೆ ಕಂಡಿತು. ಪುಟ್ಟಿಗೆ ಆಗ ನಾಲ್ಕು ವರ್ಷ. ಅವಳು ಅದಕ್ಕೆ ಮುತ್ತು ಕೊಟ್ಟಳು.

ಗಡಿ ದಾಟಿದ ಮೇಲೆ ಮೊದಲ ಬಿಡಾರ ಒಂದು ಜಲಾಶಯದ ದಡದಲ್ಲಿ. ಅಲ್ಲಿಗೆ ಹೋದ ಟಾರು ರಸ್ತೆ ದಡದಲ್ಲಿ ನಿಲ್ಲದೆ, ನಡುವಿನ ಬಿಳಿ ಗೆರೆಯ ಸಮೇತ ನೇರ ನೀರಿಗೆ ಇಳಿದುಹೋಗಿತ್ತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನ ರಸ್ತೆ ಎಂದು ಬಿಡಾರದ ಕಾವಲಿನವಳು ಕೈಸನ್ನೆಯಲ್ಲಿ ತಿಳಿಸಿದಳು. ಹೇಳುತ್ತಾ ಹೇಳುತ್ತಾ ಹಳದಿ ಗಾಡಿಯನ್ನು ನೋಡಿ ತಲೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಳು. ಆಮೇಲೆ ತನಗೇ ಯಾಕೆಂದು ತಿಳಿಯದವಳಂತೆ ಮತ್ತೆ ಹಾಕಿಕೊಂಡಳು.

ಬೆಳಗ್ಗೆ ಟೆಂಟ್ ಮಡಚಿ ಹೊರಡುವಾಗ ಮೆಲ್ಲಗಣ್ಣ ಹಿಂಬಾಗಿಲು ತೆರೆದು, ಬಸ್ ಕಂಡಕ್ಟರನ ಹಾಗೆ ಗತ್ತಿನಲ್ಲಿ ತಗಡು ತಟ್ಟಿದರು.

"ಹತ್ತಿ ಹತ್ತಿ, ಎಲ್ಲರೂ ಹತ್ತಿ, ಊರಿಗೆ ಹೋಗೋಣ!"

ಪುಟ್ಟಿ ಕುಣಿದಳು. ಅಳಿಯ, "ಮಾವ, ಊರಿಗಲ್ಲ, ಸಮುದ್ರಕ್ಕೆ" ಎಂದ. "ಬಾಯಿಗೆ ರೂಢಿ ಅಳಿಯಂದ್ರೇ, ಈಗ ಬೇರೆ ಮಾತು ಕಲಿಯೋಕೆ ನನಗೇನು ಹುಡುಗಾಟದ ವಯಸ್ಸಾ?" ಎಂದು ಅವರು ನಕ್ಕರು. ಮಗಳೂ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಅಪ್ಪನ ದನಿಯಲ್ಲಿ ಅಷ್ಟು ಹುರುಪು ಕೇಳಿದ್ದಳು.

ಅಂದಿನಿಂದ ಪ್ರತಿ ಬಿಡಾರದಲ್ಲೂ ಇದೇ ಕೂಗು. ಎರಡನೇ ದೇಶದಲ್ಲಿ ಹೊಳೆಯ ಸೇತುವೆ ಪಕ್ಕ ಉಳಿದರು. ಮೂರನೆಯದರಲ್ಲಿ ಯಾವುದೋ ಕಾಲದಲ್ಲಿ ಮುಚ್ಚಿಹೋದ ನೂಲಿನ ಗಿರಣಿಯ ಬಯಲಿನಲ್ಲಿ. ಎಲ್ಲೇ ಹೋದರೂ ಜನ ದಾರಿ ಬಿಡುತ್ತಿದ್ದರು. ಮುಂದಿನ ಲಾರಿಗಳು ಪಕ್ಕಕ್ಕೆ ಸರಿಯುತ್ತಿದ್ದವು. ಗಡಿಯ ಠಾಣೆಯಲ್ಲಿ ಉಳಿದವರ ಸಾಮಾನನ್ನೆಲ್ಲ ಬಿಚ್ಚಿಸಿ ನೋಡುತ್ತಿದ್ದ ಅಧಿಕಾರಿ ಇವರ ಹಿಂಬಾಗಿಲ ಹತ್ತಿರ ಬಂದು, ಕೈ ಚಾಚಿ, ಏನೋ ನೆನಪಾದಂತೆ ಕೈ ಹಿಂದಕ್ಕೆಳೆದುಕೊಂಡು, ಹೋಗಿ ಎಂದು ತಲೆಯಾಡಿಸಿದ. "ನಮ್ಮ ಗಾಡಿಗೆ ಸಿಗೋ ಮರ್ಯಾದೆ ಮಂತ್ರಿಗೂ ಸಿಗಲ್ಲ" ಎಂದು ಅಳಿಯ ಬೀಗಿದ. ಆದರೆ ಬಯಲಲ್ಲಿ ಇವರ ಪಕ್ಕ ಟೆಂಟ್ ಹಾಕಿದವರು ಬೆಳಗಾಗುವಷ್ಟರಲ್ಲಿ ದೂರ ಹೋಗಿರುತ್ತಿದ್ದರು. ನಾಯಿಗಳು ಬೊಗಳುತ್ತಿರಲಿಲ್ಲ. ಬಾಲ ಕಾಲ ಸಂದಿಯಲ್ಲಿಟ್ಟುಕೊಂಡು ಗಾಡಿಯ ಹಿಂಬದಿಗೆ ಮುಖ ಮಾಡಿ ಕೂರುತ್ತಿದ್ದವು, ಅಷ್ಟೇ.

ಮೊದಲು ಗಮನಿಸಿದ್ದು ಮಗಳೇ. ಪುಟ್ಟಿ ಮಂಚದ ನಡುವೆ ಕೈಕಾಲು ಚಾಚಿ ಮಲಗುವವಳು, ಈಗ ಗೋಡೆಗೆ ಒತ್ತಿಕೊಂಡು ಮುದುಡಿ ಮಲಗುತ್ತಿದ್ದಳು.

"ಯಾಕೆ ಕಂದ, ಚಳಿಯಾ?"

"ಇಲ್ಲ. ಜಾಗ ಬಿಟ್ಟಿದ್ದೀನಿ."

"ಯಾರಿಗೆ?"

"ಒದ್ದೆ ಅಮ್ಮನಿಗೆ. ಅವಳಿಗೆ ಕೂರೋಕೆ ಜಾಗ ಇರ್ಲಿಲ್ಲ. ಗಿರಣಿಯವರು ತುಂಬಾ ಜನ ಹತ್ತಿದ್ರಲ್ಲ."

ಮಕ್ಕಳು ಇಂಥದ್ದು ಹೇಳುತ್ತಾರೆ. ಮಗಳು ಹಾಗೆಂದುಕೊಂಡು ಹೊದಿಕೆ ಸರಿಮಾಡಿದಳು. ಹೊದಿಕೆಯ ಹೊರ ಅಂಚು ತೇವವಾಗಿತ್ತು. ಮಗು ಉಚ್ಚೆ ಮಾಡಿರಬೇಕೆಂದು ಮೂಸಿ ನೋಡಿದಳು. ಕೆಸರಿನ ವಾಸನೆ.

ಗಾಡಿಯೂ ಭಾರವಾಗುತ್ತಿತ್ತು. ಏರುಗಳಲ್ಲಿ ತಿಣುಕುತ್ತಿತ್ತು, ಡೀಸೆಲ್ ಕುಡಿಯುತ್ತಿತ್ತು. ಹಿಂದಿನ ಸ್ಪ್ರಿಂಗುಗಳು ಕುಸಿದು, ಚಕ್ರದ ಮೇಲಿನ ತಗಡು ಟೈರಿಗೆ ತಾಗುವಂತಾಗಿತ್ತು. ಸಮುದ್ರ ತೀರ ಮುಟ್ಟಿದ ದಿನ ಅಳಿಯ ಹಟ ಹಿಡಿದು ಎಲ್ಲ ಸಾಮಾನನ್ನೂ ಮರಳ ಮೇಲೆ ಇಳಿಸಿದ. ಟೆಂಟು, ನೀರಿನ ಕ್ಯಾನು, ಹಾಸಿಗೆ, ಅಡುಗೆ ಪೆಟ್ಟಿಗೆ, ಕೊನೆಗೆ ಪುಟ್ಟಿಯ ಗೊಂಬೆ. ಎಲ್ಲರೂ ದೂರ ನಿಂತು ನೋಡಿದರು.

ಮಧ್ಯಾಹ್ನದ ಬಿಸಿಲಿನಲ್ಲಿ, ಬಾಗಿಲು ತೆರೆದ ಖಾಲಿ ಗಾಡಿ ತುಂಬಿದ ಬಸ್ಸಿನ ಹಾಗೆ ಹಿಂದಕ್ಕೆ ಕುಸಿದು ನಿಂತಿತ್ತು. ಮರಳಿನಲ್ಲಿ ಚಕ್ರಗಳು ಗೇಣುದ್ದ ಹೂತಿದ್ದವು. ಗಾಳಿಯಿರಲಿಲ್ಲ, ಆದರೂ ಗಾಡಿ ಆಗಾಗ ಒಂದಿಷ್ಟು ಆ ಕಡೆಗೆ, ಒಂದಿಷ್ಟು ಈ ಕಡೆಗೆ ವಾಲುತ್ತಿತ್ತು. ಬಹಳ ಹೊತ್ತು ಕೂತವರು ಮಗ್ಗುಲು ಬದಲಿಸಿದ ಹಾಗೆ.

ಅಳಿಯ ಎರಡು ಹೆಜ್ಜೆ ಹಿಂದೆ ಸರಿದ.

"ಅಪ್ಪಾ," ಎಂದಳು ಮಗಳು ಮೆಲ್ಲಗೆ, "ನೀನು ದಿನಾ ಬೆಳಗ್ಗೆ ಬಾಗಿಲು ತೆಗೆದು ಏನು ಕೂಗ್ತೀಯಾ?"

ಮೆಲ್ಲಗಣ್ಣ ಮರಳಿನ ಮೇಲೆ ಕೂತುಬಿಟ್ಟರು. "ಎಲ್ಲರೂ ಹತ್ತಿ ಅಂದೆ," ಎಂದರು. "ಆಸ್ಪತ್ರೆ ಅಂಗಳದಲ್ಲಿ ಎದುರಿಗಿದ್ದೋರು ಒಬ್ಬರೇ ಇರ್ತಿದ್ರು, ಅವರಿಗೇ ಹೇಳ್ತಿದ್ದೆ. ಇಲ್ಲಿ ಎಲ್ಲರೂ ಅಂದ್ಬಿಟ್ಟೆ. ದಾರಿಯುದ್ದಕ್ಕೂ ಕೂಗಿ ಕೂಗಿ ಹತ್ತಿಸ್ಕೊಂಡಿದ್ದೀನಿ. ಊರಿಗೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಬೇರೆ ಕೊಟ್ಟಿದ್ದೀನಿ."

"ಗಾಡಿ ಇಲ್ಲೇ ಬಿಟ್ಟು ವಿಮಾನದಲ್ಲಿ ಹೋಗೋಣ ರೀ" ಎಂದು ಮಗಳು ಗಂಡನ ಕಡೆ ತಿರುಗಿದಳು. ಪುಟ್ಟಿಯನ್ನು ಆಗಲೇ ಸೊಂಟಕ್ಕೇರಿಸಿಕೊಂಡಿದ್ದಳು.

"ಬಿಟ್ಟು ಹೋದ್ರೆ ಅವರು ಗಾಡೀಲಿ ಇರ್ತಾರೆ ಅಂದ್ಕೊಂಡ್ಯಾ?" ಎಂದರು ಮೆಲ್ಲಗಣ್ಣ. "ಕರೆದವರ ಹಿಂದೆ ಬರ್ತಾರೆ. ಹೋದ ದಾರಿಯಲ್ಲೇ ತಾನೆ ವಾಪಸ್ ಹೋಗೋದು? ಹತ್ತಿದ ಜಾಗದಲ್ಲೇ ಒಬ್ಬೊಬ್ಬರನ್ನೂ ಮರ್ಯಾದೆಯಿಂದ ಇಳಿಸಿಬಿಡ್ತೀನಿ. ನಿಮ್ಮನ್ನ ಮನೆಗೆ ಮುಟ್ಟಿಸೋದು ನನ್ನ ಜವಾಬ್ದಾರಿ ಕಣಮ್ಮ. ಈ ಒಂದು ಸಲ ನನಗೆ ಯಾರೂ ಕಡಿಮೆಯಾಗಬಾರದು."

ಮಗಳಿಗೆ ನಂಬಿಕೆಯೂ ಬರಲಿಲ್ಲ, ಬೇರೆ ದಾರಿಯೂ ಕಾಣಲಿಲ್ಲ. ಅಂದಿನಿಂದ ಅವಳು ಪುಟ್ಟಿಯನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡಳು. ಬೆಳಗ್ಗೆ ಹೊರಡುವಾಗ ಯಾರೂ ಏನೂ ಕೂಗುತ್ತಿರಲಿಲ್ಲ. ಮೂಕರ ಹಾಗೆ ಹತ್ತಿ ಬಾಗಿಲು ಎಳೆದುಕೊಳ್ಳುತ್ತಿದ್ದರು.

ಗಿರಣಿಯ ಬಯಲಿನಲ್ಲಿ ಮೆಲ್ಲಗಣ್ಣ ಹಿಂಬಾಗಿಲು ತೆರೆದು, ತಟ್ಟಿ, "ಗಿರಣಿಯವರೇ, ಊರು ಬಂತು, ಇಳೀರಿ" ಎಂದು ಕಾದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸ್ಪ್ರಿಂಗು ಒಮ್ಮೆ ಕಿರುಗುಟ್ಟಿತು, ಮತ್ತೊಮ್ಮೆ, ಮತ್ತೊಮ್ಮೆ. ಗಾಡಿ ಇಷ್ಟಿಷ್ಟೇ ಮೇಲೆದ್ದಿತು. ಬಯಲಿನ ಹುಲ್ಲು ಗಿರಣಿಯ ಗೇಟಿನ ತನಕ ಸಾಲಾಗಿ ಬಾಗಿ, ಮತ್ತೆ ನೆಟ್ಟಗಾಯಿತು. ಅಳಿಯ ಮಗಳ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವನ ಬೆರಳಿನ ಗುರುತು ಊಟದ ಹೊತ್ತಿಗೂ ಹೋಗಿರಲಿಲ್ಲ. ಸೇತುವೆಯ ಹತ್ತಿರ ಒಂದೇ ಸಲ ಕಿರುಗುಟ್ಟಿತು. ಹೊಳೆಯ ಮೆಟ್ಟಿಲ ಮೇಲಿನ ಕಲ್ಲೊಂದು ಉರುಳಿತು, ಅಷ್ಟೇ.

"ನೋಡಿದ್ರಾ ಅಳಿಯಂದ್ರೇ," ಎಂದರು ಮೆಲ್ಲಗಣ್ಣ, "ಇನ್ನೊಂದು ನಿಲ್ದಾಣ."

ಅವರ ದನಿಯಲ್ಲಿ ಹಳೆಯ ಹುರುಪು ಮರಳಿತ್ತು. ಮಗಳಿಗೆ ಮಾತ್ರ ಸಮಾಧಾನವಿರಲಿಲ್ಲ. ಪುಟ್ಟಿ ತೊಡೆಯ ಮೇಲೆ ಕೂತೇ ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತಿದ್ದಳು. "ಒದ್ದೆ ಅಮ್ಮ ಒಬ್ಬಳೇ ಆಗ್ಬಿಟ್ಳು" ಎಂದು ಮುಖ ಸಣ್ಣ ಮಾಡುತ್ತಿದ್ದಳು. ಎಲ್ಲರಿಗಿಂತ ಮೊದಲು ಹತ್ತಿದವಳು ಅವಳೇ. ಎಲ್ಲರಿಗಿಂತ ಹೆಚ್ಚು ದಿನ ಮಗುವಿನ ಪಕ್ಕ ಕೂತವಳೂ ಅವಳೇ.

ಜಲಾಶಯ ತಲುಪಿದ್ದು ಸಂಜೆ. ಕತ್ತಲಲ್ಲಿ ಯಾರನ್ನೂ ಇಳಿಸುವುದು ಸರಿಯಲ್ಲವೆಂದು ಮೆಲ್ಲಗಣ್ಣ ಬೆಳಗಿನ ತನಕ ಕಾದರು. ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಸ್ತೆ ಎಲ್ಲಿ ನೀರಿಗಿಳಿಯುತ್ತದೆಂದೇ ಕಾಣುತ್ತಿರಲಿಲ್ಲ. ರಾತ್ರಿ ಟೆಂಟಿನ ಚಳಿ ತಡೆಯಲಾರದೆ ಮಗಳು ಪುಟ್ಟಿಯನ್ನು ತಬ್ಬಿಕೊಂಡು ಗಾಡಿಯ ಮಂಚದ ಮೇಲೆ ಮಲಗಿದ್ದಳು; ಪುಟ್ಟಿ ಇನ್ನೂ ಅಲ್ಲೇ ನಿದ್ದೆಯಲ್ಲಿದ್ದಳು. ಮಗಳು ಹಾಲು ಕಾಯಿಸಲು ಅಡುಗೆ ಪೆಟ್ಟಿಗೆ ಎಳೆದು, ಬೆಂಕಿಪೊಟ್ಟಣ ಸಿಗದೆ ಗಂಡನ ಜೇಬು ತಡಕಲು ಟೆಂಟಿನ ಕಡೆ ಹೋದಳು. ಹಿಂದೆ ತಗಡು ತಟ್ಟಿದ ಸದ್ದು.

"ಊರು ಬಂತು ತಾಯಿ. ಎಲ್ಲರೂ ಇಳೀರಿ."

ಸ್ಪ್ರಿಂಗು ಕಿರುಗುಟ್ಟಿತು. ಮಗಳು ಪೊಟ್ಟಣ ಹಿಡಿದು ತಿರುಗಿ ಬಂದಾಗ ಮೆಲ್ಲಗಣ್ಣ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಬಾಗಿಲ ಪಕ್ಕ ನಿಂತಿದ್ದರು. ಯಾರು ಇಳಿದರೂ ನೆಟ್ಟ ದೃಷ್ಟಿಯಿಂದ ನೋಡುವುದು ಅವರಿಗೆ ಸಲ್ಲದು. ಮಂಚದ ಮೇಲೆ ಹೊದಿಕೆ ಮಾತ್ರ ಇತ್ತು.

"ಅಪ್ಪಾ, ಪುಟ್ಟಿ ಎಲ್ಲಿ?"

ಬಿಳಿ ಗೆರೆಯ ಮೇಲೆ, ಮಂಜಿನೊಳಗೆ, ಪುಟ್ಟಿ ಬರಿಗಾಲಲ್ಲಿ ನಡೆಯುತ್ತಿದ್ದಳು. ಒಂದು ಕೈ ತಲೆಯ ಮೇಲಕ್ಕೆ ಎತ್ತಿದ್ದಳು, ದೊಡ್ಡವರ ಬೆರಳು ಹಿಡಿದು ನಡೆಯುವ ಹಾಗೆ.

ಮಗಳು ಓಡಿದಳು. ಹಿಡಿಯುವಷ್ಟರಲ್ಲಿ ನೀರು ಮಗುವಿನ ಮೊಣಕಾಲಿಗೆ ಬಂದಿತ್ತು. ಸೊಂಟ ಬಳಸಿ ಎತ್ತಿದಳು. ಮೈ ಎದ್ದಿತು, ಕೈ ಬರಲಿಲ್ಲ. ಗಾಳಿಯಲ್ಲಿ ಸಿಕ್ಕಿಹಾಕಿಕೊಂಡಂತೆ ಅದು ಅಲ್ಲೇ ಇತ್ತು.

"ಬಿಡಮ್ಮಾ, ನಾನೂ ಇಳೀಬೇಕು. ತಾತ ಎಲ್ಲರೂ ಇಳೀರಿ ಅಂದ್ರಲ್ಲ!"

ಮಗಳು ಎಳೆದಳು. ಆ ಕಡೆಯಿಂದ ಜೋರಾದ ಎಳೆತವೇನೂ ಇರಲಿಲ್ಲ. ಜನಜಂಗುಳಿಯಲ್ಲಿ ಮಗು ತಪ್ಪಿಹೋಗದಿರಲೆಂದು ಹಿಡಿಯುವ ಹಿಡಿತ ಅದು; ನೋಯಿಸದ, ಬಿಡದ ಹಿಡಿತ. ತಾನೂ ಪುಟ್ಟಿಯನ್ನು ಹಾಗೆಯೇ ಹಿಡಿಯುತ್ತಿದ್ದಳಲ್ಲ ಎಂದು ಅವಳಿಗೆ ಹೊಳೆಯಿತು.

ಮೆಲ್ಲಗಣ್ಣ ಏದುಸಿರು ಬಿಡುತ್ತಾ ನೀರಿಗಿಳಿದರು. ಹಿಂದೆ ಅಳಿಯ.

"ತಾಯಿ, ಈ ಮಗು ನಮ್ಮದು," ಎಂದರು ಮೆಲ್ಲಗಣ್ಣ, ಖಾಲಿ ಮಂಜಿಗೆ. "ವಾಪಸ್ ಕರ್ಕೊಂಡು ಹೋಗ್ತೀನಿ ಅಂತಲೇ ಕರ್ಕೊಂಡು ಬಂದಿರೋದು. ಕೈ ಬಿಡಿ."

ಕೈ ಹಾಗೇ ಇತ್ತು. ಮೆಲ್ಲಗಣ್ಣ ನೀರಿನೊಳಗಿನ ರಸ್ತೆಯನ್ನೂ ಅದು ಮರೆಯಾಗುವ ಕಡೆಯನ್ನೂ ನೋಡಿದರು. ಹಣೆ ಹಣೆ ಬಡಿದುಕೊಂಡರು.

"ಛೆ! ತಪ್ಪು ನಂದೇ. ಎಷ್ಟು ಇಕ್ಕಟ್ಟಿನ ಓಣಿಯಾದ್ರೂ ನಾನು ಯಾರನ್ನೂ ಬೀದಿ ತುದೀಲಿ ಇಳಿಸಿ ಬಂದವನಲ್ಲ, ಮನೆ ಬಾಗಿಲಿಗೇ ಬಿಟ್ಟವನು. ಇಲ್ಲಿ ನಡುದಾರೀಲಿ ಇಳಿಸಿಬಿಟ್ಟೆ. ಒಬ್ಬರೇ ಹೋಗೋಕೆ ಯಾರಿಗೆ ತಾನೆ ಮನಸ್ಸು ಬರುತ್ತೆ? ತಾಯಿ, ಮಗೂನ ಬಿಡಿ. ಇಗೋ, ನನ್ನ ಕೈ ಹಿಡ್ಕೊಳ್ಳಿ. ಬಾಗಿಲ ತನಕ ಬರ್ತೀನಿ."

ಬಲಗೈಯನ್ನು ಪುಟ್ಟಿಯ ಕೈಯ ಮೇಲ್ಗಡೆ ಚಾಚಿದರು. ಪುಟ್ಟಿಯ ತೋಳು ತಟಕ್ಕನೆ ಕೆಳಗೆ ಬಿತ್ತು. ಮೆಲ್ಲಗಣ್ಣನ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು.

"ಅಪ್ಪಾ, ಬೇಡ! ನಿಂಗೆ ಈಜೋಕೆ ಬರಲ್ಲ!"

"ಕೆಳಗೆ ರಸ್ತೆ ಇದೆಯಲ್ಲಮ್ಮ. ರಸ್ತೆ ಇದ್ದ ಮೇಲೆ ಡ್ರೈವರಿಗೇನು ಭಯ? ಟೀಗೆ ನೀರಿಡು, ಬಂದ್ಬಿಡ್ತೀನಿ."

ಸೊಂಟದ ತನಕ, ಎದೆಯ ತನಕ. ಮಂಜು ಮುಚ್ಚಿಕೊಂಡಿತು. "ಮೆಲ್ಲಗೆ, ಮೆಲ್ಲಗೆ" ಎಂಬ ದನಿ ಒಂದಿಷ್ಟು ಹೊತ್ತು ಕೇಳಿತು. ಆಮೇಲೆ ಅದೂ ಇಲ್ಲ.

ಅಳಿಯ ಕುತ್ತಿಗೆಯ ತನಕ ಹೋಗಿ, ಕಾಲಿಗೆ ರಸ್ತೆ ಸಿಗದೆ, ನಡುಗುತ್ತಾ ವಾಪಸ್ ಬಂದ. ಮತ್ತೆ ಹೋದ, ಮತ್ತೆ ಬಂದ. ಟೀಗಿಟ್ಟ ನೀರು ಕುದ್ದು ಕುದ್ದು ಇಂಗಿಹೋಯಿತು. ಮಗಳು ಪುಟ್ಟಿಗೆ ಒಣಬಟ್ಟೆ ಹಾಕಿ, ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಳು. ಗಾಡಿಯ ದೀಪ ಹೊತ್ತಿಸಿದಳು. ಹಾರ್ನ್ ಒತ್ತಿದಳು. ಮಂಜು ದೀಪವನ್ನೂ ನುಂಗಿತು, ಹಾರ್ನನ್ನೂ ನುಂಗಿತು. ಇನ್ನು ಉಳಿದದ್ದು ಅಪ್ಪನ ಆ ಕೂಗು ಒಂದೇ. ಆ ಮಾತಿಗೆ ಯಾರ್ಯಾರು ಓಗೊಡುತ್ತಾರೆಂದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಅಪ್ಪ ಓಗೊಟ್ಟರೆ ಅದಕ್ಕೆ ಏನರ್ಥ ಎಂಬುದನ್ನು ಯೋಚಿಸಲು ಅವಳು ಹೋಗಲಿಲ್ಲ. ಹಿಂಬಾಗಿಲ ಹತ್ತಿರ ನಿಂತು ತಗಡು ತಟ್ಟಿದಳು.

"ಅಪ್ಪಾ, ಹತ್ತು, ಊರಿಗೆ ಹೋಗೋಣ!" ಮತ್ತೆ ತಟ್ಟಿದಳು. "ನೀನೊಬ್ಬನೇ ಹತ್ತು. ಬೇರೆ ಯಾರೂ ಬೇಡ. ನನ್ನಪ್ಪ ಒಬ್ಬನೇ!"

ನೀರು ಅಲುಗಿತು. ಮೊದಲು ಬೋಳು ನೆತ್ತಿ, ಆಮೇಲೆ ಹೆಗಲು, ಆಮೇಲೆ ಸೊಂಟ. ಮೆಲ್ಲಗಣ್ಣ ಅವಸರವಿಲ್ಲದೆ, ಬಿಳಿ ಗೆರೆಯ ಮೇಲೆಯೇ ನಡೆದು ಬಂದರು. ಅಳಿಯ ಓಡಿಹೋಗಿ ತಬ್ಬಿಕೊಂಡ.

"ಮನೆ ಸ್ವಲ್ಪ ಒಳಗಿತ್ತು," ಎಂದರು. ಬಾಯಿಂದ ನೀರು ಸುರಿಯುತ್ತಿತ್ತು. ಮಗಳು ಅವರ ಎದೆಗೆ ಕಿವಿಯಿಟ್ಟಳು. ಬಡಿಯುತ್ತಿತ್ತು. ನಿಧಾನವಾಗಿ, ಆದರೆ ಬಡಿಯುತ್ತಿತ್ತು. ಅವಳು ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಟವಲು ತರಲು ಹೋದಳು.

ಗಾಡಿಯನ್ನು ಊರಿಗೆ ಓಡಿಸಿಕೊಂಡು ಬಂದದ್ದು ಅಳಿಯ. ಬಲಗೈಗೆ ಜೋಮು ಹಿಡಿದಿದೆಯೆಂದು ಮೆಲ್ಲಗಣ್ಣ ಗೇರು ಹಾಕಲಾಗದೆ ಪಕ್ಕದಲ್ಲಿ ಕೂತರು. ಮನೆ ಮುಂದೆ ಎಲ್ಲರೂ ಇಳಿದು ನಿಂತ ಮೇಲೆ ಕೊನೆಗೆ ತಾವಿಳಿದರು. ಎದುರುಮನೆಯಾಕೆ ಕಿಟಕಿಯಿಂದ ಇಣುಕಿದಾಗ, "ನೋಡಿ, ಕರ್ಕೊಂಡು ಹೋದವರನ್ನೆಲ್ಲ ವಾಪಸ್ ತಂದಿದ್ದೀನಿ!" ಎಂದು ಕೂಗಿದರು. ಆಕೆ ಏನೂ ಅರ್ಥವಾಗದೆ ನಕ್ಕಳು. ಮೆಲ್ಲಗಣ್ಣ ಬಾಗಿಲಲ್ಲೇ ನಿಂತು ಮಗುವಿನ ಹಾಗೆ ಅತ್ತರು.

ಈಗ ಅವರು ಗಾಡಿ ಓಡಿಸುವುದಿಲ್ಲ. ಬೆಳಗ್ಗೆ ಪುಟ್ಟಿಯನ್ನು ಶಾಲೆಗೆ ಬಿಟ್ಟು, ಬರುವಾಗ ತರಕಾರಿ ತರುತ್ತಾರೆ. ಬಲಗೈಯ ಜೋಮು ಹೋಗಿಲ್ಲ. ತಮ್ಮದೇ ಆಸ್ಪತ್ರೆಯಲ್ಲಿ ತೋರಿಸಿದರು. ನರದಲ್ಲಿ ಏನೂ ದೋಷವಿಲ್ಲವೆಂದರು. ಬೆರಳುಗಳು ಅರ್ಧ ಮಡಚಿಕೊಂಡೇ ಇರುತ್ತವೆ, ಬೇಸಿಗೆಯಲ್ಲೂ ತಣ್ಣಗಿರುತ್ತವೆ. ಲೋಟ, ಚಮಚ, ಬೀಗದ ಕೈ ಎಲ್ಲವನ್ನೂ ಎಡಗೈಯಲ್ಲಿ ಹಿಡಿಯುವುದನ್ನು ಕಲಿತಿದ್ದಾರೆ.

ಮೊನ್ನೆ ಮಗಳು ಗೇಟಿನ ಹತ್ತಿರ ನಿಂತು ಅವರಿಬ್ಬರನ್ನು ಕಳಿಸುತ್ತಿದ್ದಳು. ಪುಟ್ಟಿ ಎಂದಿನಂತೆ ತಾತನ ಹಿಂದಿನಿಂದ ಸುತ್ತು ಹಾಕಿ ಎಡಗೈ ಹಿಡಿದಳು. ಆ ಕಡೆ ಗಾಡಿಗಳು ಓಡಾಡುವ ರಸ್ತೆ.

"ಪುಟ್ಟೀ, ಈ ಕಡೆ ಬಾರೇ. ತಾತನ ಬಲಗೈ ಹಿಡ್ಕೊಂಡು ಗೋಡೆ ಪಕ್ಕ ನಡಿ."

ಪುಟ್ಟಿ ತಾತನ ಬಲಗೈಯನ್ನು ನೋಡಿದಳು. ಆಮೇಲೆ ಅದಕ್ಕಿಂತ ತುಸು ಮೇಲೆ ನೋಡಿ ನಕ್ಕಳು.

"ಆ ಕೈ ಖಾಲಿ ಇಲ್ಲಮ್ಮಾ" ಎಂದಳು.